ಇಸಾಮುವನ್ನೇ ಕೇಳಿ

ಕಿನುಯೊ ಚಹಾ ಗಂಜಿಯ ಮೊದಲ ಚಮಚವನ್ನು ಗಂಡ ಇಸಾಮುವಿನ ಬಾಯಿಗಿಟ್ಟಳೋ ಇಲ್ಲವೋ, ಅವನಿಗೆ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಮುಖ ಕೆಂಪಾಯಿತು. ಜಪಾನಿನ ನಮ್ಮ ಕೀ ಸೀಮೆಯಲ್ಲಿ ಬೆಳಿಗ್ಗೆ, ಚಹಾದಲ್ಲಿ ಅಕ್ಕಿ ಬೇಯಿಸಿದ ಈ ಗಂಜಿ ಕಾಯಿಸದ ಮನೆಯಿಲ್ಲ. ತೆಳ್ಳಗಿದ್ದಷ್ಟೂ ರುಚಿ ಎನ್ನುವವರು ನಾವು.

ಇಸಾಮುಗೆ ಎ.ಎಲ್.ಎಸ್. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸೋಲುವ ಕಾಯಿಲೆ ಅದು. ಮೊದಲು ಕೈ ಸೋತಿತು, ಆಮೇಲೆ ಕಾಲು. ಚಳಿಗಾಲದಲ್ಲಿ ಮಾತೂ ನಿಂತಿತು. ಈಗ ಉಸಿರು ಸಾಲುತ್ತಿಲ್ಲ. ಗಂಟಲಿಗೆ ರಂಧ್ರ ಮಾಡಿ ಉಸಿರಾಟದ ಯಂತ್ರ ಜೋಡಿಸಬೇಕೋ ಬೇಡವೋ ಎಂದು ಕೇಳಲು ಮರುದಿನ ವೈದ್ಯರು ಬರುವವರಿದ್ದರು.

"ಬೇಡ ಅಂದ್ಬಿಡಮ್ಮ," ಎಂದ ಇಸಾಮುವಿನ ಅಣ್ಣ ಟೊಕುಜಿ. "ಅವನಿಗೆ ಈಗ ಏನು ತಿಳಿಯುತ್ತೆ? ಎಲ್ಲಾ ಈ ಹೊಳೆ ನೀರಿನ ಕೆಲಸ. ನಮ್ಮಜ್ಜನೂ ಹೀಗೇ ಹೋದ್ರು."

"ನೀವು ಗುಡ್ಡದಾಚೆಯಿಂದ ಹೊತ್ತು ತಂದ ನೀರಲ್ಲೇ ಭಾವ ಈ ಗಂಜಿ ಮಾಡಿದ್ದು."

ಅಷ್ಟರಲ್ಲಿ ಆರೋಗ್ಯ ಕಾರ್ಯಕರ್ತೆ ಒಕುಡೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಬಟ್ಟಲು ನೋಡಿದವರೇ ಪಕ್ಕಕ್ಕೆ ಸರಿಸಿದರು.

"ನೀರು ಯಾವೂರದ್ದಾದರೇನು? ತಿಳಿ ಬೇರೆ, ಅಗುಳು ಬೇರೆ ಇರೋ ಗಂಜಿ ಇವರಿಗೆ ಅಪಾಯ. ಆಸ್ಪತ್ರೆಯವರ ಹತ್ರ ನುಂಗೋ ಶಕ್ತಿ ಪರೀಕ್ಷೆ ಮಾಡಿಸೋಣ. ಎಷ್ಟು ಗಟ್ಟಿಯಾಗಿ, ಹೇಗೆ ಕೊಡಬೇಕು ಅಂತ ಅವರು ಹೇಳ್ತಾರೆ."

"ಹಾಗಾದ್ರೆ ಹೊಳೆ ನೀರಿನದ್ದೇನೂ ತಪ್ಪಿಲ್ಲ ಅಂತೀರಾ?" ಟೊಕುಜಿ ಬಿಡಲಿಲ್ಲ.

"ಹಾಗೂ ಹೇಳಲ್ಲ. ಈ ಸೀಮೆಯ ಕೆಲವು ಊರುಗಳಲ್ಲಿ ಕಾಯಿಲೆ ಜಾಸ್ತಿ ಇದ್ದದ್ದು ನಿಜ. ನೀರಲ್ಲಿ ಸುಣ್ಣದ ಅಂಶ ಕಡಿಮೆ, ಕೆಲವು ಲೋಹ ಹೆಚ್ಚು ಅಂತ ಅನುಮಾನಪಟ್ಟು ವಿಜ್ಞಾನಿಗಳು ಹುಡುಕಿದ್ದಾರೆ. ಕೆಲವು ಮನೆತನಗಳಲ್ಲಿ ವಂಶವಾಹಿ ದೋಷವೂ ಸಿಕ್ಕಿದೆ. ಇದೇ ಕಾರಣ ಅಂತ ಇನ್ನೂ ಸಾಬೀತಾಗಿಲ್ಲ. ನೀರು ಬದಲಾಯಿಸಿದರೆ ವಾಸಿಯಾಗುತ್ತೆ ಅನ್ನೋದಕ್ಕೂ ಆಧಾರ ಇಲ್ಲ. ಒಂದು ಮಾತ್ರ ಖಚಿತ, ಇದು ಅಂಟುರೋಗ ಅಲ್ಲ."

"ಬುದ್ಧಿ ಹೋಗಿರೋದು?"

"ಕೆಲವರಿಗೆ ಮರೆವು ಬರಬಹುದು. ಇವರಿಗೆ ಬಂದಿದೆ ಅಂತ ನೀವು ಹೇಗೆ ತೀರ್ಮಾನ ಮಾಡಿದಿರಿ? ಕೇಳಿ ನೋಡಿದ್ದೀರಾ?"

ಒಕುಡೆ ಚೀಲದಿಂದ ಅಕ್ಷರಗಳನ್ನು ಬರೆದ ಪಾರದರ್ಶಕ ಹಾಳೆ ತೆಗೆದರು. ಇಸಾಮು ಒಂದು ಅಕ್ಷರವನ್ನೇ ದಿಟ್ಟಿಸಬೇಕು. ಎದುರಿನವರು ಹಾಳೆಯನ್ನು ಸರಿಸುತ್ತಾ ಹೋಗಬೇಕು. ಇಬ್ಬರ ನೋಟ ಸಂಧಿಸಿದ ಕಡೆ ಇರುವುದೇ ಆ ಅಕ್ಷರ. ಹೌದಾದರೆ ಅವನು ರೆಪ್ಪೆ ಮುಚ್ಚುತ್ತಾನೆ.

ಟೊಕುಜಿ ನಕ್ಕ. "ಸರಿ, ಇವಳಿಗೂ ಗೊತ್ತಿಲ್ಲದ್ದು ಕೇಳ್ತೀನಿ. ಲೇ ಇಸಾಮು, ಚಿಕ್ಕವನಿದ್ದಾಗ ನನ್ನ ಬೆನ್ನ ಹಿಂದೆ ನನ್ನನ್ನ ಏನಂತ ಕರೀತಿದ್ದೆ?"

ಹಾಳೆ ಎಡಕ್ಕೆ ಸರಿಯಿತು, ಮೇಲಕ್ಕೆ ಸರಿಯಿತು. ಕಿನುಯೊ ಬಗ್ಗಿ ನೋಡಿದಳು. ಒಕುಡೆ ಅಕ್ಷರ ಕೂಡಿಸಿ ಓದಿದರು: "ಗೊಂ... ಕ... ರು... ಕ... ಪ್ಪೆ."

"ಹೌದು, ಅದೇ," ಎಂದ ಟೊಕುಜಿ. ಕಿನುಯೊ ನಗುತ್ತಲೇ ಅತ್ತಳು. "ನಾನು ಕೇಳ್ತೀನಿ, ಆ ಹಾಳೆ ಇಲ್ಲಿ ಕೊಡಿ," ಎಂದು ಕೈ ಚಾಚಿದಳು. ಗಂಜಿ ಹೇಗಿತ್ತು ಎಂದಳು. ಉಪ್ಪಿಲ್ಲ ಎಂದು ಉತ್ತರ ಬಂತು. ತಿಂಗಳುಗಟ್ಟಲೆ ಮೌನವಾಗಿದ್ದ ಮನೆಯಲ್ಲಿ ಅಂದು ಮಧ್ಯಾಹ್ನದವರೆಗೂ ಮಾತೋ ಮಾತು. ಒಕುಡೆ ಯಂತ್ರದ ಕಷ್ಟ ಸುಖ ಎರಡನ್ನೂ ಇಸಾಮುಗೇ ಬಿಡಿಸಿ ಹೇಳಿದರು: ಬದುಕು ಮುಂದುವರಿಯುತ್ತದೆ, ಆದರೆ ಹಗಲೂ ರಾತ್ರಿ ಆರೈಕೆ ಬೇಕು, ಅದಕ್ಕೆ ಮನೆಗೆ ಬರುವ ಸಹಾಯಕರಿದ್ದಾರೆ.

ಮರುದಿನ ವೈದ್ಯರು ಕಿನುಯೊಳ ಕಡೆ ತಿರುಗಿ ಬಾಯಿ ತೆರೆಯುವ ಮೊದಲೇ ಟೊಕುಜಿ ಅಡ್ಡ ಬಂದ. "ಅವಳನ್ನಲ್ಲ ಡಾಕ್ಟ್ರೇ, ಇವನನ್ನ ಕೇಳಿ. ಬೇಕು ಅಂದ್ರೂ ಸರಿ, ಬೇಡ ಅಂದ್ರೂ ಸರಿ. ಅವನ ಉಸಿರು, ಅವನ ಮಾತು." ಹಾಳೆ ಹಿಡಿದದ್ದೂ ಅವನೇ. ಅಕ್ಷರಗಳು ಬಂದವು: ಬೇಕು.

ಓದುಗರೇ, ಕೈಕಾಲು ಸೋಲುತ್ತಿದ್ದರೆ, ಮಾತು ತೊದಲುತ್ತಿದ್ದರೆ, ನೀರು ನೆತ್ತಿಗೇರುತ್ತಿದ್ದರೆ ತಡಮಾಡದೆ ನರರೋಗ ತಜ್ಞರಿಗೆ ತೋರಿಸಿ. ಕಾರಣ ಹುಡುಕುವ ಕೆಲಸ ವಿಜ್ಞಾನಿಗಳು ಮಾಡುತ್ತಿದ್ದಾರೆ. ಅಲ್ಲಿಯವರೆಗೆ ಹೊಳೆಯನ್ನೋ ಮನೆತನವನ್ನೋ ದೂರುತ್ತಾ ರೋಗಿಯನ್ನು ಒಳಕೋಣೆಯಲ್ಲಿ ಬಚ್ಚಿಡಬೇಡಿ. ಮಾತು ನಿಂತವರ ಎದುರು ಕುಳಿತು, ಅವರ ಕಣ್ಣು ನೋಡಿ ಕೇಳಿ. ಉತ್ತರ ಬರುವವರೆಗೆ ಕಾಯಿರಿ.