ಆಗಸ್ಟ್ ಹನ್ನೆರಡರ ಎರಡನೇ ಸಾಲು

ಹರಿಹರದ ಫುಟ್‌ಬಾಲ್ ಕ್ಲಬ್ಬಿನ ಬಾಗಿಲಲ್ಲೊಂದು ಕರಿಹಲಗೆ. ‘ಇದೇ ದಿನ, ನಮ್ಮ ಕ್ಲಬ್’ ಎಂಬ ತಲೆಬರಹದ ಕೆಳಗೆ, ಆ ತಾರೀಖಿನಂದು ಹಿಂದೆಂದೋ ನಡೆದದ್ದನ್ನು ಹುಸೇನ್ ಸಾಬರು ದಿನಾ ಬೆಳಿಗ್ಗೆ ಬರೆಯುತ್ತಾರೆ. ಗೆದ್ದದ್ದು, ಸೋತದ್ದು, ಏನೂ ಸಿಗದಿದ್ದರೆ ಗೋಲಿಗೆ ಹೊಸ ಬಲೆ ಕಟ್ಟಿದ್ದು. ಹಳೆಯ ಆಟಗಾರರು ಚಹಾದ ನೆಪದಲ್ಲಿ ಬಂದು, ತಮ್ಮ ಹೆಸರೋದಿ, ಎದೆಯುಬ್ಬಿಸಿ ಹೋಗುತ್ತಾರೆ.

ಆಗಸ್ಟ್ ಹನ್ನೆರಡಕ್ಕೆ ಮಾತ್ರ ಒಂದೇ ಸಾಲು: ‘1987. ದಾವಣಗೆರೆಯವರ ಎದುರು ಫೈನಲ್. ಕೀಪರ್ ವಾಮದೇವಪ್ಪ ಸೈರನ್ ಕೇಳಿ ಗೋಲು ಬಿಟ್ಟು ನಡೆದದ್ದರಿಂದ ಸೋಲು.’

ಆಗ ಟೀಮಿನ ಹನ್ನೊಂದೂ ಜನ ಕಾರ್ಖಾನೆಯವರೇ. ಸೈರನ್ ಕೂಗಿತೆಂದರೆ ಕೈಲಿದ್ದ ಸ್ಪ್ಯಾನರ್ ತಾನಾಗಿ ಕೆಳಗಿಳಿಯುವ ರೂಢಿ. ಆಟ ಮುಗಿಯಲು ಇನ್ನೂ ಎರಡು ನಿಮಿಷವಿರುವಾಗ ಐದು ಗಂಟೆಯ ಸೈರನ್ ಕೂಗಿತು. ವಾಮದೇವಪ್ಪ ಮನೆಗೆ ಹೊರಟರು, ಚೆಂಡು ಒಳಗೆ ಹೋಯಿತು. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಅಂದಿನಿಂದ ಅವರು ‘ಸೈರನ್ ವಾಮಣ್ಣ’. ಈ ತಾರೀಖು ಬಂತೆಂದರೆ ನಂದಿಗುಡಿಯ ಬಸ್ಸು ಹತ್ತಿ ತಂಗಿಯ ಮನೆ ಸೇರಿಬಿಡುತ್ತಾರೆ.

ಈ ಸಲ ಹಾಗೆ ತಪ್ಪಿಸಿಕೊಳ್ಳುವಂತಿರಲಿಲ್ಲ. ಮೊಮ್ಮಗಳು ನಯನಾ ಕ್ಲಬ್ಬಿನ ಹುಡುಗಿಯರ ಟೀಮಿಗೆ ಮೊದಲ ಸಲ ಆಡುವುದು ಇದೇ ದಿನ, ಅದೂ ಕೀಪರಾಗಿ. ತಾತ ಬರದಿದ್ದರೆ ಬೂಟೇ ಹಾಕುವುದಿಲ್ಲವೆಂದು ಹಟ ಹಿಡಿದಿದ್ದಳು.

ಬೆಳಿಗ್ಗೆ ಹಲಗೆಯ ಮುಂದೆ ನಿಂತ ಹುಸೇನ್ ಸಾಬರಿಗೆ ಸೀಮೆಸುಣ್ಣದ ಕಡ್ಡಿ ಭಾರವಾಯಿತು.

“ಇವತ್ತೊಂದಿನ ಬರೀಬ್ಯಾಡ್ರಿ ಅಬ್ಬಾ, ಆ ಹುಡುಗಿ ಓದ್ತಾಳೆ,” ಎಂದಳು ಮಗಳು ನುಜತ್.

ಬಿಡುವುದು ಸುಲಭ. ಆದರೆ ಅಂದು ಗೋಲಿನ ಮುಂದೆ ಕಾವಲಿಗೆ ಬ್ಯಾಕ್ ಆಡುತ್ತಿದ್ದವರು ಇದೇ ಹುಸೇನ್ ಸಾಬರು. ವಾಮಣ್ಣನಿಗಿಂತ ಮೊದಲೇ ನೆಲಕ್ಕೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದವರೂ ಇವರೇ. ಊರೆಲ್ಲ ಖಾಲಿ ಗೋಲನ್ನೇ ನೋಡಿತು, ಇವರು ಬಚಾವಾದರು. ಗೆಳೆಯನ ತಪ್ಪನ್ನು ವರ್ಷವರ್ಷವೂ ದುಂಡಗೆ ಬರೆದ ಕೈಗೆ ತನ್ನದನ್ನು ಬರೆಯುವ ಧೈರ್ಯ ಬಂದಿರಲಿಲ್ಲ. ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು. ಹಳೆಯ ಸಾಲಿನ ಕೆಳಗೆ ಇನ್ನೊಂದು ಬರೆದರು: ‘ಅದಕ್ಕೂ ಮೊದಲೇ ಬ್ಯಾಕ್ ಹುಸೇನ ಆಟ ಬಿಟ್ಟು ಬೂಟು ಬಿಚ್ಚುತ್ತ ಕೂತಿದ್ದ.’

ಸಂಜೆ ವಾಮದೇವಪ್ಪ ತಲೆ ತಗ್ಗಿಸಿ ಹಲಗೆ ದಾಟುವವರಿದ್ದರು. ನಯನಾ ಕೈ ಹಿಡಿದು ನಿಲ್ಲಿಸಿ, ಎರಡನೇ ಸಾಲನ್ನು ಗಟ್ಟಿಯಾಗಿ ಓದಿದಳು.

“ಇದನ್ಯಾಕ ಬರೆದ್ಯೋ ಹುಸೇನ? ನಂಗೆ ಅವತ್ತೇ ಗೊತ್ತಿತ್ತು,” ಎಂದರು ವಾಮದೇವಪ್ಪ, ಬಾಗಿಲಲ್ಲಿ ನಿಂತಿದ್ದ ಗೆಳೆಯನಿಗೆ. “ನೀ ಕುಂತದ್ದು ನೋಡೇ ಆಟ ಮುಗೀತು ಅಂತ ನಾ ಹೊಂಟಿದ್ದು.”

“ಮತ್ಯಾಕ ಹೇಳ್ಲಿಲ್ಲ?”

“ನಿನ್ನ ಮದುವಿ ಗೊತ್ತಾಗಿತ್ತಲ್ಲೋ. ಹೆಣ್ಣಿನ ಕಡೆಯೋರು ಮೈದಾನದಾಗೇ ಇದ್ರು.”

“ಹಂಗಾದ್ರೆ ವರ್ಷಾ ವರ್ಷಾ ನಂದಿಗುಡಿಗೆ ಯಾಕ ಓಡ್ತಿದ್ದಿ?”

“ಆ ಸಾಲು ಬರೆದ ದಿನ ನಿನ್ನ ಮುಖ ಸಣ್ಣದಾಗಿರ್ತಿತ್ತು. ನೋಡಾಕ ಆಗ್ತಿರ್ಲಿಲ್ಲ.”

ಹುಸೇನ್ ಸಾಬರು ಗೆಳೆಯನ ತೋಳು ಹಿಡಿದು ನಡೆಸಿಕೊಂಡು ಹೋಗಿ, ನಯನಾಳ ಗೋಲಿನ ಹಿಂದೆ ಕೂರಿಸಿ, ಪಕ್ಕದಲ್ಲೇ ತಾವೂ ಕೂತರು.