ಏಳರಿಂದ ಎಂಟು

ಕಂಪ್ಯೂಟರಿನ ಪರದೆಯ ಮೇಲೆ ಸಂಜೆ ಏಳಕ್ಕೆ ಸರಿಯಾಗಿ ಕರೆಂಟು ಬಳಕೆಯ ಗೆರೆ ಗುಡ್ಡವಾಗಿ ಏಳುತ್ತಿತ್ತು. ವಿದ್ಯುತ್ ಕಚೇರಿಯಲ್ಲಿ ನಾನಾಗ ಹೊಸ ಇಂಜಿನಿಯರು. ಕಮ್ಮಾರಗೇರಿಯ ಹನ್ನೆರಡು ಆಟೋದವರು ಬ್ಯಾಟರಿ ಗಾಡಿ ಕೊಂಡು, ಮನೆಗೆ ಚಾರ್ಜರ್ ಬೇಕೆಂದು ಅರ್ಜಿ ಹಾಕಿದ್ದರು. ಹನ್ನೆರಡೂ ಒಟ್ಟಿಗೆ ನಡೆದರೆ ಕೇರಿಯ ಟ್ರಾನ್ಸ್‌ಫಾರ್ಮರ್ ತಾಳುವುದಿಲ್ಲವೆಂದು ನನ್ನ ಲೆಕ್ಕ ಹೇಳಿತು. ನಾಲ್ಕಕ್ಕೆ ಮಾತ್ರ ಅನುಮತಿ ಎಂದು ಬರೆದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದೇ ನನ್ನ ಉದ್ಯೋಗ. ಅದರ ಜಂಬವೂ ಇತ್ತು.

ಮರುದಿನ ಅವರ ಸ್ಟ್ಯಾಂಡಿನ ಹಿರಿಯ ನಜೀರ್ ಸಾಬರು ಬಂದರು. ಗುಡ್ಡ ತೋರಿಸಿದೆ.

"ಎಲ್ಲಾರೂ ಏಳಕ್ಕೇ ಹಾಕ್ತಾರೆ ಅಂತ ಯಾರ್ ಹೇಳಿದ್ರು ಮೇಡಂ?"

"ಮನೆಗೆ ಬಂದ ತಕ್ಷಣ ಹಾಕ್ತಾರಲ್ವಾ?"

"ಸ್ಟ್ಯಾಂಡಲ್ಲಿ ಪಾಳಿ ತಪ್ಪಿಸಿ ಯಾರೂ ಗಾಡಿ ಮುಂದೆ ತರಲ್ಲ. ಇಲ್ಲೂ ಅದೇ."

ಜೇಬಿನಿಂದ ಚೀಟಿ ತೆಗೆದರು. ಸಂಜೆ ಆರರಿಂದ ಬೆಳಗಿನ ಏಳರವರೆಗೆ ನಾಲ್ಕು ನಾಲ್ಕು ಗಾಡಿಗಳ ಪಾಳಿ. ಸಂಜೆ ಏಳರಿಂದ ಎಂಟು ಎಂದು ಬರೆದಲ್ಲಿ ಮಾತ್ರ ಯಾವ ಹೆಸರೂ ಇರಲಿಲ್ಲ.

"ಇದ್ಯಾಕೆ ಖಾಲಿ?"

"ಕೊನೇ ಮನೆ ಅಂಬುಜಕ್ಕನ ಯಜಮಾನ್ರು ಮೂಗಿಗೆ ಆಕ್ಸಿಜನ್ ಕೊಡೋ ಮಿಷನ್ ಮೇಲಿದಾರೆ. ಏಳಕ್ಕೆ ನಲ್ಲಿ ನೀರು ಬಿಡ್ತಾರೆ, ಎಲ್ಲಾರ ಮನೆ ಮೋಟ್ರೂ ಓಡುತ್ತೆ, ಕರೆಂಟು ಡಲ್ಲಾಗುತ್ತೆ. ಇನ್ನೊಂಚೂರು ಇಳಿದ್ರೆ ಮಿಷನ್ ಕೂಗುತ್ತೆ. ಅಕ್ಕ ಊಟ ಬಿಟ್ಟು ಓಡ್ತಾರೆ." ಚೀಟಿಯನ್ನು ನನ್ನ ಮುಂದಿಟ್ಟು ಹೇಳಿದರು: "ಅವ್ರಿಗೆ ಹೇಳ್ಬೇಡಿ ಮೇಡಂ. ನಮ್ಮಿಂದ ಇವ್ರಿಗೆ ತೊಂದ್ರೆ ಅಂತ ಕೊರಗ್ತಾರೆ."

ನನ್ನ ಲೆಕ್ಕದಲ್ಲಿ ಆ ಮನೆಗೂ ಎಲ್ಲರಂತೆ ದೀಪ, ಫ್ಯಾನು, ಟಿ.ವಿ. ಯಂತ್ರ ಇರಲೇ ಇಲ್ಲ. ನಾನು ಒಪ್ಪಿದ ನಾಲ್ಕೇ ಚಾರ್ಜರ್ ಏಳಕ್ಕೆ ಹಾಕಿದ್ದರೂ ಅದು ಕೂಗಿಕೊಳ್ಳುತ್ತಿತ್ತು. ಪುಸ್ತಕದ ಬದನೆಕಾಯಿ ಎಂದರೆ ನಾನೇ ಎಂದು ತುಂಬ ನಾಚಿಕೆಯಾಯಿತು. ಅವರ ಪಾಳಿಯಂತೆ ಮತ್ತೆ ಲೆಕ್ಕ ಹಾಕಿದೆ. ಗುಡ್ಡ ಇಳಿದು ದಿಬ್ಬವಾಯಿತು. ಹನ್ನೆರಡಕ್ಕೂ ಅನುಮತಿ ಕೊಟ್ಟೆ.

ಚಾರ್ಜರ್ ಬಂದ ಮೊದಲ ಸಂಜೆ, ವೋಲ್ಟೇಜ್ ನೋಡುವ ನೆಪದಲ್ಲಿ ಮೀಟರ್ ಹಿಡಿದು ಅಂಬುಜಕ್ಕನ ಮನೆಗೆ ಹೋದೆ. ಏಳು ಗಂಟೆ. ಮೋಟರುಗಳು ಓಡತೊಡಗಿದವು. ಅಂಕಿ ಒಂದಷ್ಟು ಇಳಿಯಿತು, ನಿಂತಿತು. ಯಂತ್ರ ಕೂಗಲಿಲ್ಲ.

ಅಂಬುಜಕ್ಕ ಗಂಡನಿಗೆ ಅನ್ನ ಕಲಸುತ್ತ ಕಿಟಕಿಯಾಚೆ ನೋಡಿದರು. "ಈ ಆಟೋದವ್ರನ್ನ ನೋಡಮ್ಮ. ಗಾಡಿ ಚಾರ್ಜಿಗೆ ಹಾಕೋದು ಬಿಟ್ಟು ಕಟ್ಟೆ ಮೇಲೆ ಹರಟೆ ಹೊಡೀತಿದಾರೆ. ಶುದ್ಧ ಸೋಮಾರಿಗಳು."

"ಹೌದಕ್ಕಾ," ಎಂದೆ.

ಗಂಡನಿಗೆ ಕೊನೆಯ ತುತ್ತು ಕೊಟ್ಟು, ತಮ್ಮ ತಟ್ಟೆಗೆ ಬಡಿಸಿಕೊಂಡು ಕೂತರು. ಮಜ್ಜಿಗೆ ಅನ್ನ ಮುಗಿಯುವವರೆಗೂ ಏಳಲಿಲ್ಲ.