ಬುದ್ಧಿ ಯಾರ ಕಡೆಯದು

ಎಪ್ಪತ್ತಮೂರನೆಯ ಇಸವಿಯಲ್ಲಿ ನಮ್ಮ ಯಜಮಾನರು ವಿಜ್ಞಾನಿಯಾದರು. ಅಲ್ಲಿಯವರೆಗೆ ಸೊಲ್ಲಾಪುರದ ಪೇಟೆಯಲ್ಲಿ ಚಾದರ ಮಾರುತ್ತಿದ್ದರು. ಅಮೆರಿಕದ ಯಾರೋ ಪ್ರೊಫೆಸರು, ಕರಿಯರಿಗಿಂತ ಬಿಳಿಯರಿಗೆ ಹುಟ್ಟಿನಿಂದಲೇ ಬುದ್ಧಿ ಹೆಚ್ಚು, ಅದು ರಕ್ತದಲ್ಲೇ ಬರುತ್ತದೆ ಎಂದನಂತೆ. ಅದು ಸುಳ್ಳೆಂದು ಉಳಿದ ಪ್ರೊಫೆಸರುಗಳು ಅವನ ಮೇಲೆ ಮುಗಿಬಿದ್ದರಂತೆ. ಮರಾಠಿ ಪೇಪರಿನಲ್ಲಿ ಎರಡೂ ಇದ್ದವು. ನಮ್ಮವರು ಮೊದಲರ್ಧ ಓದಿ, ಚಹಾ ಕುಡಿದು, ತಮ್ಮನ್ನು ಬಿಳಿಯರ ಪಂಕ್ತಿಯಲ್ಲಿ ಕೂರಿಸಿಕೊಂಡರು. ಮನೆಯಲ್ಲಿ ಕನ್ನಡಿ ಇತ್ತು, ನೋಡಿಕೊಳ್ಳಲಿಲ್ಲ.

ಇನ್ನು ಕರಿಯರು ಯಾರಾದರೂ ಬೇಕಲ್ಲ? ಅಕ್ಕಲಕೋಟೆಯ ಒಕ್ಕಲುತನದವರಾದರು. ಅಂದರೆ ಅವರ ಸ್ವಂತ ತಂಗಿ ಕಲ್ಯಾಣಮ್ಮನ ಗಂಡನ ಮನೆಯವರು.

ಕಲ್ಯಾಣಮ್ಮನ ಮಗಳು ಮಹಾನಂದಾಳನ್ನು ನಮ್ಮ ಮಗ ನಾಗಣ್ಣನಿಗೆ ತರುವುದು ತೊಟ್ಟಿಲಲ್ಲೇ ಆದ ಮಾತು. ನನಗಂತೂ ಅವಳು ಬೇಕೇ ಬೇಕಿತ್ತು. ನನ್ನ ಮಗ ಬಂಗಾರದಂಥ ಹುಡುಗ. ಆದರೆ ಗಿರಾಕಿ ಒಂದು ಚಾದರ ಕೇಳಿದರೆ ಅಂಗಡಿಯಲ್ಲಿದ್ದುದನ್ನೆಲ್ಲ ಬಿಚ್ಚಿ ಹಾಸಿ, ಗಿರಾಕಿ ಹೋದ ಮೇಲೆ ಅದರ ಮೇಲೇ ಮಲಗುವವನು. ಮಹಾನಂದಾ ಬಂದರೆ ಅಂಗಡಿಯೂ ಉಳಿಯುತ್ತಿತ್ತು, ಮಗನೂ ಉಳಿಯುತ್ತಿದ್ದ.

“ಒಕ್ಕಲುತನದವರ ರಕ್ತ ಬ್ಯಾಡ. ಮೊಮ್ಮಕ್ಕಳು ದಡ್ಡ ಹುಟ್ತಾವ,” ಎಂದರು ನಮ್ಮವರು.

“ಆಕಿ ಅವ್ವ ನಿಮ್ಮ ತಂಗಿ ಅಲ್ಲೇನ್ರಿ?”

“ಅದು ಅರ್ಧಾ ಅಷ್ಟ.”

ಕೊನೆಗೆ ಹುಡುಗಿಯನ್ನು ಪರೀಕ್ಷೆ ಮಾಡಿಸುವುದೆಂದಾಯಿತು. ಕಾಲೇಜಿನಲ್ಲಿ ಮಾನಸಶಾಸ್ತ್ರ ಕಲಿಸುವ ಖಂಡಪ್ಪ ಮಾಸ್ತರರು ಬಣ್ಣದ ಕಟ್ಟಿಗೆ ತುಂಡುಗಳ ಪೆಟ್ಟಿಗೆ ತಂದರು. ಚಿತ್ರ ನೋಡಿ ಅದರಂತೆ ತುಂಡು ಜೋಡಿಸಬೇಕು.

“ಇದು ರಕ್ತಾ ಅಳಿಯೂದಿಲ್ರಿ ಸಾವಕಾರ,” ಎಂದರು ಮಾಸ್ತರರು. “ಸಾಲಿ, ರೂಢಿ, ಉಂಡದ್ದು ಎಲ್ಲಾ ಕೂಡಿ ಬರ್ತದ. ಮತ್ತ ಒಬ್ಬಾಕಿನ್ನ ಅಳದ್ರ ಏನ್ ತಿಳೀತದ? ನಾಗಣ್ಣನೂ ಕೂಡ್ಲಿ.”

“ಕೂಡ್ಲಿ, ಕೂಡ್ಲಿ!” ನಮ್ಮವರು ಅಷ್ಟು ಹಿಗ್ಗಿದ್ದನ್ನು ದೀಪಾವಳಿ ವ್ಯಾಪಾರದಲ್ಲೂ ನಾನು ಕಂಡಿಲ್ಲ.

ಮಹಾನಂದಾ ಕೂತಳು, ಜೋಡಿಸಿದಳು, ಎದ್ದಳು. ನಾಗಣ್ಣ ಒಂದು ಕೆಂಪು ತುಂಡನ್ನು ತಿರುಗಿಸುತ್ತಲೇ ಇದ್ದ. ಪಾಪ ಎನಿಸಿ ಅವಳೇ ಮೆಲ್ಲಗೆ ಬೆರಳು ಮಾಡಿ ಜಾಗ ತೋರಿಸಿದಳು. ಮಾಸ್ತರರು ಕೆಮ್ಮಿದರು.

ನಮ್ಮವರು ತೊಡೆ ತಟ್ಟಿದರು. “ನೋಡಿದ್ರ್ಯಾ? ಹುಡುಗಿ ಶಾಣ್ಯಾ! ನಮ್ಮ ರಕ್ತ. ಹುಡುಗ ಅವರವ್ವನ ಕಡಿ, ಆಕಿ ತವರಮನಿ ದುಧನಿಯವರ ಹಂಗ.”

ಸಿದ್ಧಾಂತದ ಕೂದಲೂ ಕೊಂಕಲಿಲ್ಲ. ಯಾರು ಗೆದ್ದರೂ ತಾವೇ ಗೆಲ್ಲುವ ಆಟಕ್ಕೆ ಅಮೆರಿಕದವರೆಗೆ ಯಾಕೆ ಹೋಗಬೇಕಿತ್ತೋ! ನನಗೆ ಮೈಯೆಲ್ಲ ಉರಿಯಿತು. ಹುಡುಗಿ ಮನೆಗೆ ಬಂದರೆ ಸಾಕೆಂದು ನುಂಗಿಕೊಂಡೆ. “ಹಂಗಾರ ಮುಹೂರ್ತ ನೋಡಸ್ರಿ,” ಎಂದೆ.

ಆಗ ಮಹಾನಂದಾ ಬಾಯಿಬಿಟ್ಟಳು. “ಮಾಮಾ, ನಿಮ್ಮ ಮಾತು ಖರೇ ಆದ್ರ, ನಾಗಣ್ಣನ್ನ ಮಾಡ್ಕೊಂಡು ನನ್ನ ಮಕ್ಕಳ ಗತಿ ಏನ್ರಿ?”

ನಮ್ಮವರು ತೊದಲಿದರು. “ಪೇಪರದಾಗ ಬರದದ್ದೆಲ್ಲಾ ಖರೇ ಇರೂದಿಲ್ಲವ್ವಾ...”

“ಹಂಗಾದ್ರ ನಮ್ಮಪ್ಪನ ರಕ್ತ ಕೆಟ್ಟದ್ದಲ್ಲ ಅಂತ ಅಕ್ಕಲಕೋಟಿಗಿ ಬಂದು ಅವನ ಮುಂದ ಹೇಳ್ರಿ. ಆಮ್ಯಾಲ ಮುಹೂರ್ತ.”

ನಾನು ಕೈಮುಗಿದು ಕೇಳಿದೆ. ನಮ್ಮವರು ಹೋಗಲಿಲ್ಲ. ಒಕ್ಕಲುತನದವರ ಹೊಸ್ತಿಲಲ್ಲಿ ತಪ್ಪಾಯಿತು ಎನ್ನಬಹುದೆಂದು ಯಾವ ಪೇಪರಿನಲ್ಲೂ ಬಂದಿರಲಿಲ್ಲ.

ಸಂಕ್ರಾಂತಿ ಕಳೆಯುತ್ತಲೇ ಅವಳನ್ನು ಬೋರಾಮಣಿ ಊರಿನ ಮನೆಯೊಂದಕ್ಕೆ ಕೊಟ್ಟರು. ಅಕ್ಷತೆ ಹಾಕುವಾಗ ನನಗೆ ಅಳು ತಡೆಯಲಾಗಲಿಲ್ಲ. ಸಂತೋಷಕ್ಕೆಂದು ಎಲ್ಲರೂ ತಿಳಿದರು.

ತಿರುಗಿ ಬರುವಾಗ ಬಸ್ಸಿನಲ್ಲಿ ನಮ್ಮವರು ಎದೆಯುಬ್ಬಿಸಿದರು. “ಏನರ ಅನ್ನು, ಹುಡುಗಿ ಸ್ವಾಭಿಮಾನದಾಕಿ. ನಮ್ಮ ರಕ್ತ.” ನಾಗಣ್ಣ ಅವರ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗಿದ್ದ.

“ಹೌದ್ರಿ,” ಎಂದೆ. “ನಿಮ್ಮ ರಕ್ತ ಬೋರಾಮಣಿಗಿ ಹೋತು. ಇನ್ನ ಅಂಗಡಿ ನನ್ನ ರಕ್ತದ ಮ್ಯಾಲ ನಡಸ್ರಿ.”